ಹರಿಗೋಲಿನಲ್ಲಿ ಮೊದಲು ಕೂರುವವರು

ತುಂಗಭದ್ರೆಯ ದಂಡೆಯ ಚಿಕ್ಕದೊಂದು ಮಠದಲ್ಲಿ ಮರುಳಯ್ಯಜ್ಜ ಎಂಬ ಗುರುಗಳಿದ್ದರು. ಮಾತು ಕಮ್ಮಿ. ಅಪ್ಪಿತಪ್ಪಿ ಆಡಿದರೆ ಕೇಳಿದವರಿಗೆ ನಿದ್ದೆ ಬರುತ್ತಿರಲಿಲ್ಲ.

ಅವರ ಶಿಷ್ಯ ಹಾಲೇಶ. ಇನ್ನೊಬ್ಬರ ಕೈಕೆಳಗೆ ದುಡಿಯಲಾರೆ, ಸ್ವಂತದ್ದೊಂದು ಉದ್ಯೋಗ ಕಟ್ಟುತ್ತೇನೆ ಎಂದು ಹೊರಟವನು. ಬಿದಿರಿನ ದೊಡ್ಡ ಬುಟ್ಟಿ ಹೆಣೆದು, ಅದರ ಹೊರಮೈಗೆ ತಾಡಪತ್ರಿ ಹೊಲಿದು, ಡಾಂಬರು ಬಳಿದು ಹರಿಗೋಲು ಮಾಡುವುದನ್ನು ಕಲಿತಿದ್ದ. ಹೊಳೆಯ ಪಕ್ಕ ಚಪ್ಪರ ಹಾಕಿ, ಮಾರುವುದಕ್ಕೆಂದು ಒಂದು ಜೊತೆ ಹರಿಗೋಲು ಮಾಡಿಟ್ಟಿದ್ದ.

ಒಂದು ಮುಂಜಾನೆ ಅವನು ಮಠಕ್ಕೆ ಬಂದು ಗುರುಗಳ ಕಾಲು ಹಿಡಿದುಕೊಂಡ.

“ಅಜ್ಜಾರ, ಈ ಉದ್ಯೋಗ ಸಾಕ್ರಿ. ಮಠದಾಗ ಕಸ ಹೊಡಕೊಂಡು, ನಿಮ್ಮ ಸೇವಾ ಮಾಡಿಕೊಂಡು ಇದ್ದುಬಿಡ್ತೀನ್ರಿ.”

“ಏನಾತು?”

“ಹರಿಗೋಲು ಮುಳುಗಿತ್ರಿ.”

“ಒಳಗ ಯಾರಿದ್ರು?”

“ಗೌಡ್ರು.”

ನಡೆದದ್ದು ಇಷ್ಟು. ಮೊದಲ ಹರಿಗೋಲಿಗೆ ಪೂಜೆ ಮಾಡಿ, ಕಾಯಿ ಒಡೆದು, ಹಾಲೇಶ ಊರ ಗೌಡರನ್ನು ಅದರಲ್ಲಿ ಕೂರಿಸಿದ್ದ. ಹುಟ್ಟು ಹಾಕುವುದಕ್ಕೆ ಒಬ್ಬ ಅಂಬಿಗನನ್ನು ಕರೆದಿದ್ದ. ನಡುಹೊಳೆಗೆ ಹೋಗುವಷ್ಟರಲ್ಲಿ ಅದರ ಬುಡವೇ ಬಿಟ್ಟಿತು. ಅಂಬಿಗರು ಹಾರಿ ಗೌಡರನ್ನು ಎಳೆದು ತಂದರು. ಅವರ ರುಮಾಲನ್ನು ಮಾತ್ರ ಹೊಳೆವ್ವ ತಾನೇ ಇಟ್ಟುಕೊಂಡಳು. ಅಂದಿನಿಂದ ಹಾಲೇಶನ ಚಪ್ಪರದ ಕಡೆ ನಾಯಿಯೂ ಸುಳಿಯಲಿಲ್ಲ.

“ನನ್ನ ತಪ್ಪು ಏನೂ ಇಲ್ರಿ,” ಎಂದ ಹಾಲೇಶ. “ಹಗ್ಗ ಕಟ್ಟಿ ನೀರಾಗ ಬಿಟ್ಟು ನೋಡಿದ್ದೆ. ಒಂದು ಹನಿ ಒಳಗ ಬಂದಿರಲಿಲ್ಲ. ಡಾಂಬರು ಕೊಟ್ಟಾವ ಮೋಸ ಮಾಡ್ಯಾನ್ರಿ. ಆ ಅಂಬಿಗಗಾದ್ರೂ ಹುಟ್ಟು ಹಾಕೋದು ಎಲ್ಲಿ ಬರ್ತೈತಿ?”

“ಕುಣೀಲಾರದಾಕಿ ನೆಲ ಡೊಂಕು ಅಂದ್ಳಂತ,” ಎಂದರು ಗುರುಗಳು. “ಹೊಸಾ ಹರಿಗೋಲಾಗ ಮೊದಲು ಯಾರು ಕೂಡಬೇಕು? ಈ ದಂಡಿ ಪದ್ಧತಿ ಏನು?”

“ಮಾಡಿದಾವ ಕೂಡಬೇಕ್ರಿ.”

“ನೀ ಯಾಕ ಕೂಡಲಿಲ್ಲ?”

“ಹಿರೇರಿಗೆ ಮರ್ಯಾದಿ ಕೊಡೂಣು ಅಂತ...”

ಹಾಲೇಶ ತಲೆ ತಗ್ಗಿಸಿದ.

“ನನಗ ಈಸು ಬರಂಗಿಲ್ರಿ,” ಎಂದ ಸಣ್ಣ ದನಿಯಲ್ಲಿ.

“ಇನ್ನೊಂದು ಹರಿಗೋಲು ಎಲ್ಲೈತಿ?”

“ದಂಡಿ ಮ್ಯಾಲ ಬೋರಲ ಹಾಕೀನ್ರಿ. ಇವತ್ತು ಅದನ್ನ ಸುಟ್ಟುಬಿಡ್ತೀನಿ.”

“ನಡಿ.”

ಗುರುಗಳೇ ಬೆಂಕಿ ಇಟ್ಟು ತನ್ನ ಪೀಡೆ ಕಳೆಯುತ್ತಾರೆ ಎಂದುಕೊಂಡು ಹಾಲೇಶ ಹಿಂದೆ ಹಿಂದೆ ನಡೆದ. ಮನಸ್ಸಿಗೆ ಎಷ್ಟೋ ಹಗುರವಾಗಿತ್ತು.

ಗುರುಗಳು ಹರಿಗೋಲನ್ನು ಅಂಗಾತ ಮಾಡಿದರು. ನೀರಿನವರೆಗೂ ಎಳೆದರು. ಪಂಚೆ ಎತ್ತಿ ಕಟ್ಟಿ, ತಂಬಿಗೆ ಹಿಡಿದು, ಒಳಗೆ ಹತ್ತಿ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು.

ಹಾಲೇಶ ಓಡಿಬಂದ.

“ಅಜ್ಜಾರ, ಇಳೀರಿ! ಇದೂ ಅದರ ಜೋಡೀನ! ಅದ ಕೈ, ಅದ ಹೊಲಿಗಿ!”

“ಆ ದಂಡಿಗೆ ಹೋಗಬೇಕು. ಹುಟ್ಟು ತಗೋ.”

“ನಿಮಗ ಈಸು ಬರ್ತೈತೇನ್ರಿ?”

“ಇಲ್ಲ.”

ಹಾಗೆಂದವರೇ ಕೈಯಿಂದ ದಂಡೆಯನ್ನು ನೂಕಿದರು. ಹರಿಗೋಲು ನೀರಿಗೆ ಜಾರಿತು. ಹಾಲೇಶ ದಂಡೆಯಲ್ಲಿದ್ದ ಹುಟ್ಟನ್ನು ಒಳಗೆ ಎಸೆದು, ಅದರ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ನೀರು ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು.

“ಬಿಡು,” ಎಂದರು ಗುರುಗಳು. “ಇಲ್ಲಾ ಹತ್ತು.”

ಬಿಟ್ಟರೆ ಗುರುಗಳು ಹೋಗುತ್ತಾರೆ. ಹತ್ತಿದರೆ ಇಬ್ಬರೂ ಹೋಗುತ್ತಾರೆ. ಯೋಚನೆ ಮಾಡುವುದಕ್ಕೆ ಹೊಳೆ ಸಮಯ ಕೊಡಲಿಲ್ಲ. ಹಾಲೇಶ ಹತ್ತಿದ. ತಾನು ಮಾಡಿದ ಹರಿಗೋಲಿನಲ್ಲಿ ಅವನು ಕಾಲಿಟ್ಟದ್ದು ಅದೇ ಮೊದಲು.

ಹುಟ್ಟು ಹಾಕಿದ. ಹರಿಗೋಲು ಮುಂದೆ ಹೋಗುವ ಬದಲು ಬುಗುರಿ ಹಾಗೆ ಗಿರಗಿರನೆ ತಿರುಗಿತು. ಹೇಗೋ ಒದ್ದಾಡಿ ನಡುಹೊಳೆಗೆ ಬಂದರು. ಆಗ ಅವನ ಪಾದಕ್ಕೆ ತಣ್ಣಗೆ ಏನೋ ತಾಗಿತು.

ನೀರು!

ಹಾಲೇಶ ಹುಟ್ಟು ಹಾಕುವುದನ್ನು ನಿಲ್ಲಿಸಿ ಕಿರುಚಿದ.

“ಅಜ್ಜಾರ, ಸಾಯ್ತೀವಿ!”

“ಅದು ಆಮ್ಯಾಲ. ನೀರು ಎಲ್ಲಿಂದ ಬರ್ತೈತಿ, ನೋಡು.”

“ನನ್ನ ಹೆಂಡ್ತಿ ಮಕ್ಕಳು...”

“ಎಲ್ಲಿಂದ ಬರ್ತೈತಿ?”

ಹಾಲೇಶ ಮಂಡಿಯೂರಿ ತಡಕಿದ. ಬಿದಿರಿನ ಸಂದಿಯಲ್ಲಿ ಬೆರಳು ತೂರಿಸಿದ. ಗುರುಗಳು ಕೂತಿದ್ದ ಜಾಗದ ಕೆಳಗೇ ನೀರು ಬುಳುಬುಳು ಏಳುತ್ತಿತ್ತು.

“ಹೊಲಿಗೀರಿ! ಬುಡದ ಹೊಲಿಗಿ! ನೀವು ಕೂತ ಭಾರಕ್ಕ ಬಾಯಿ ಬಿಟ್ಟೈತಿ!”

“ಜೋಡಣಿ ಬುಡದಾಗ ಯಾಕ ಹಾಕಿದಿ?”

“ತಾಡಪತ್ರಿ ಸಣ್ಣದಿತ್ರಿ. ಎರಡು ತುಂಡು ಜೋಡಿಸಿದ್ದು ಯಾರ ಕಣ್ಣಿಗೂ ಬೀಳಬಾರದು ಅಂತ...”

ಎಲ್ಲರೂ ಅಂಚಿನ ಹತ್ತಿರ, ನೀರಿನಿಂದ ಮೇಲೆ ಹಾಕುವ ಹೊಲಿಗೆಯನ್ನು ಇವನು ಅಂದಕ್ಕಾಗಿ ಅಡಿಗೆ ಹಾಕಿದ್ದ. ಖಾಲಿ ಬಿಟ್ಟಾಗ ಅದು ಸುಮ್ಮನಿತ್ತು. ಆಳು ಕೂತ ಮೇಲೆ ಬಾಯಿ ತೆರೆಯಿತು. ಡಾಂಬರಿನವನದ್ದೂ ತಪ್ಪಿರಲಿಲ್ಲ, ಅಂಬಿಗನದ್ದೂ ಇರಲಿಲ್ಲ. ಇದು ಹೊಳೆದ ಕೂಡಲೇ ಹಾಲೇಶನಿಗೆ ಸಾಯುವ ಭಯಕ್ಕಿಂತ ಹೆಚ್ಚು ನಾಚಿಕೆಯಾಯಿತು.

“ಈ ಕಡಿ ಸರೀರಿ ಅಜ್ಜಾರ! ಅಂಚಿಗೆ! ಲಗೂನ! ತಂಬಿಗಿಲೆ ನೀರು ಎತ್ತಿ ಹಾಕ್ರಿ!”

ಗುರುಗಳಿಗೆ ಅಪ್ಪಣೆ ಕೊಡುತ್ತಿದ್ದೇನೆ ಎಂಬ ಎಚ್ಚರವೂ ಅವನಿಗಿರಲಿಲ್ಲ. ಗುರುಗಳು ಸರಿದು ಕೂತು ನೀರು ಎತ್ತಿ ಹಾಕತೊಡಗಿದರು. ಹಾಲೇಶ ಹೆಗಲ ಮೇಲಿನ ಟವೆಲನ್ನು ಹೊಲಿಗೆಯ ಸಂದಿಗೆ ತುರುಕಿ, ಅದರ ಮೇಲೆ ಮೊಣಕಾಲೂರಿ ಹುಟ್ಟು ಹಾಕಿದ. ತೋಳು ಕಿತ್ತುಬರುವಂತೆ ನೋಯುತ್ತಿತ್ತು.

ಹರಿಗೋಲು ಆಚೆ ದಂಡೆಯ ಮರಳಿಗೆ ತಾಗಿದಾಗ ಅದರೊಳಗೆ ಅರ್ಧ ನೀರಿತ್ತು. ಇಬ್ಬರೂ ಮರಳ ಮೇಲೆ ಬಿದ್ದುಕೊಂಡರು.

ಸ್ವಲ್ಪ ಹೊತ್ತಾದ ಮೇಲೆ ಹಾಲೇಶ ತಿರುಗಿ ನೋಡಿದ. ಗುರುಗಳು ತಂಬಿಗೆಯನ್ನು ಇನ್ನೂ ಎದೆಗೆ ಅವಚಿಕೊಂಡಿದ್ದರು.

“ಅಜ್ಜಾರ,” ಎಂದ. “ಮುಳುಗಂಗಿಲ್ಲ ಅಂತ ನಿಮಗ ಮೊದಲ ಗೊತ್ತಿತ್ತಲ್ರಿ?”

“ನನಗೇನು ಗೊತ್ತು? ಮಾಡಿದಾವ ನೀನು.”

ಹಾಲೇಶ ದಂಗಾಗಿ ಹೋದ. ನಡುಹೊಳೆಯಲ್ಲೂ ಅವನಿಗೆ ಇಷ್ಟು ಭಯವಾಗಿರಲಿಲ್ಲ. ಯಾವುದೋ ಮಂತ್ರಬಲ ಇದ್ದೇ ಇದೆ ಎಂದು ಅವನ ಮನಸ್ಸು ಒಳಗೊಳಗೇ ನಂಬಿತ್ತು.

“ಸತ್ತಿದ್ರ?”

“ಸತ್ತಿದ್ರ ಸಾಯ್ತಿದ್ವಿ.”

ಹಾಲೇಶನಿಗೆ ಸಿಟ್ಟು ಬಂತು, ಅಳು ಬಂತು, ಕೊನೆಗೆ ಎರಡೂ ಇಂಗಿದವು. ಎದ್ದು ಕಣ್ಣೊರೆಸಿಕೊಂಡ.

“ಗೌಡ್ರ ಮನಿಗೆ ಹೋಗಿ ಕಾಲಿಗೆ ಬೀಳ್ತೀನ್ರಿ. ಹೊಲಿಗಿ ಎಲ್ಲಿ ಹಾಕಬೇಕು ಅಂತ ಈಗ ಗೊತ್ತಾತು, ಹೊಸಾದು ಮಾಡ್ತೀನಿ. ಇದನ್ನ ಇಲ್ಲೇ ಬಿಟ್ಟು, ಸುತ್ತಾದ್ರೂ ಆಗಲಿ, ಸೇತುವಿ ಮ್ಯಾಲ ನಡಕೋತ ಮಠಕ್ಕ ಹೋಗೂಣು ಬರ್ರಿ.”

ಗುರುಗಳು ಹೆಗಲ ಮೇಲಿನ ಒದ್ದೆ ವಲ್ಲಿಯನ್ನು ಹಿಂಡಿ ಬಂಡೆಯ ಮೇಲೆ ಹರವಿದರು. ಅದರ ಪಕ್ಕದಲ್ಲೇ ಕೂತರು.

“ಅಲ್ಲಿ ಅಂಬಿಗರ ಗುಡಿಸಲು ಐತಿ. ದಬ್ಬಣ, ದಾರ, ಒಂದು ತುಂಡು ತಾಡಪತ್ರಿ, ಒಂದೀಟು ಡಾಂಬರು ಇಸಕೊಂಡು ಬಾ. ಸಂಜಿಮುಂದ ಹೊಂಡೂಣು.”

“ಮತ್ತ ಇದರಾಗ ಏನ್ರಿ!”

“ಇನ್ಯಾವುದರಾಗ? ನಿನ್ನ ಹತ್ರ ಇರೋದು ಇದೊಂದ.”