ಸೇತುವೆಯ ಮೇಲೆ ಗೇಣು ಜಾಗ

"ನಂಬಿದರೆ ನಂಬಿ, ಬಿಟ್ಟರೆ ಬಿಡಿ ಬುದ್ಧಿ. ಪೇಟೆ ಸೇತುವೆ ಮೇಲೆ ಬೆಳಿಗ್ಗೆ ಕಾರುಗಳು ಇರುವೆ ಸಾಲಿನಂಗೆ ತೆವಳ್ತಿರ್ತವೆ. ಆ ಸಂದಿನಲ್ಲಿ ನಾನು ಬೈಕನ್ನ ಮೀನು ನುಸುಳಿದಂಗೆ ನುಸುಳಿಸ್ತೀನಿ. ನನ್ನನ್ನ ಹಿಂದಕ್ಕೆ ಹಾಕೋ ಗಂಡು ನಮ್ಮ ಸೀಮೆಯಲ್ಲೇ ಹುಟ್ಟಿಲ್ಲ," ಎಂದ ಶಿಷ್ಯ ಸಣ್ಣಲಿಂಗ. ಆಮೇಲೆ ಅವನ ದನಿ ಇಳಿಯಿತು. "ಆದರೆ ಪೇಟೆಗೆ ಬಂದು ಎರಡು ವರ್ಷ ಆಯ್ತು, ಉಂಡೆಯಾ ಅಂತ ಕೇಳೋ ಒಂದು ಬಾಯಿಲ್ಲ. ಎಲ್ಲರಿಗಿಂತ ಮುಂದೆ ಹೋಗೋನು ಯಾಕೆ ಬುದ್ಧಿ ಒಂಟಿ ಆಗ್ತಾನೆ?"

ಗುರುಗಳು ಕತೆ ಹೇಳಿದರು.

ಒಬ್ಬ ಸವಾರನಿದ್ದ. ಅಂಗಡಿಯಿಂದ ಆಸ್ಪತ್ರೆಗಳಿಗೆ ಔಷಧಿ ಮುಟ್ಟಿಸುವುದು ಅವನ ಕೆಲಸ. ದಿನವೂ ಅದೇ ಸೇತುವೆ, ಅದೇ ಕಾರುಗಳ ಸಾಲು. ಸಂದು ಕಿರಿದು. ಅದಕ್ಕೆಂದೇ ಗಾಡಿಯ ಎರಡೂ ಕನ್ನಡಿಗಳನ್ನು ಬಿಚ್ಚಿಸಿ ಕೋಣೆಯ ಗೂಡಿನಲ್ಲಿಟ್ಟಿದ್ದ.

"ನಾನೂ ಬಿಚ್ಚಿಸಿದ್ದೀನಿ ಬುದ್ಧಿ! ಹಿಂದೆ ನೋಡೋದು ಪುಕ್ಕಲರ ಕೆಲಸ."

ಗುರುಗಳು ತಲೆಯಾಡಿಸಿ ಮುಂದುವರಿಸಿದರು.

ಸಂದು ಸಿಕ್ಕಾಗ ಸವಾರ ತನ್ನ ಕೈಚಳಕವನ್ನು ತಾನೇ ಮೆಚ್ಚಿಕೊಳ್ಳುತ್ತಿದ್ದ. ಸಿಗದಿದ್ದಾಗ ಕಾರಿನ ಬಾಗಿಲಿಗೆ ಗುದ್ದಿ, "ಸರಿಯಯ್ಯಾ ಅತ್ಲಾಗೆ, ರಸ್ತೆ ಏನು ನಿಮ್ಮಪ್ಪಂದಾ?" ಎನ್ನುತ್ತಿದ್ದ. ಸಂಜೆ ಕೋಣೆಗೆ ಬಂದು ಒಬ್ಬನೇ ಉಣ್ಣುತ್ತಿದ್ದ. ಇಷ್ಟು ದೊಡ್ಡ ಪೇಟೆಯಲ್ಲಿ ತನಗೆಂದು ಗೇಣು ಜಾಗ ಬಿಟ್ಟವರಿಲ್ಲ ಎಂದು ಗೋಡೆಗೆ ಹೇಳಿಕೊಳ್ಳುತ್ತಿದ್ದ.

ಒಂದು ದಿನ ಸೇತುವೆಯ ನಡುವೆ ಗಾಡಿಯ ಕ್ಲಚ್ ವೈರ್ ತುಂಡಾಯಿತು. ಗಾಡಿ ಒಂದು ಬಿಳಿ ಕಾರಿನ ಮಗ್ಗುಲಲ್ಲಿ ನಿಂತಿತು. ಒಳಗಿದ್ದ ಮುದಿ ಚಾಲಕ ಗಾಜು ಇಳಿಸಿದ. ಬೈಗುಳ ಬರುತ್ತದೆಂದು ಸವಾರ ಹಲ್ಲು ಕಚ್ಚಿ ನಿಂತ.

"ಏನಪ್ಪಾ, ಇವತ್ತು ನಿಂತುಬಿಟ್ಟೆ? ಔಷಧಿ ತಡ ಆಗಲ್ವಾ?"

"ನಾನು ನಿಮಗೆ ಹೆಂಗೆ ಗೊತ್ತು?"

"ಮುಖ ಇವತ್ತೇ ನೋಡಿದ್ದು. ಬೆನ್ನು ಗೊತ್ತು, ಬೆನ್ನ ಮೇಲಿನ ಔಷಧಿ ಚೀಲ ಗೊತ್ತು. ಎರಡು ವರ್ಷದಿಂದ ನಿನ್ನ ಗಾಡಿ ಸದ್ದು ಕೇಳಿದ ಕೂಡಲೇ ಎಡಕ್ಕೆ ಸರೀತೀನಿ. ಅಂಚಿನ ಕಲ್ಲಿಗೆ ಉಜ್ಜಿ ಉಜ್ಜಿ ಆ ಕಡೆ ಟಯರ್ ಏನಾಗಿದೆ ನೋಡು. ನೀನು ದಾಟಿದ ಮೇಲೆ ಮತ್ತೆ ಬಲಕ್ಕೆ ಬರ್ತೀನಿ. ಅದನ್ನ ನೋಡೋಕೆ ಕನ್ನಡಿ ಇರಬೇಕಲ್ಲಪ್ಪಾ!" ಚಾಲಕ ನಕ್ಕ. "ಇರಲಿ ಬಿಡು. ನನ್ನ ಕೆಲಸ ಇವತ್ತಿಗೆ ಮುಗೀತು. ನಾಳೆಯಿಂದ ಈ ದಾರಿಗೆ ಬರಲ್ಲ."

ಸವಾರ ಹೆಸರು ಕೇಳಬೇಕೆಂದುಕೊಂಡ. ಅಷ್ಟರಲ್ಲಿ ಸಾಲು ಮುಂದೆ ಹೋಯಿತು. ಬಿಳಿ ಕಾರೂ ಹೋಯಿತು. ಅವನು ಕೆಟ್ಟ ಗಾಡಿಯನ್ನು ಸೇತುವೆಯ ಕೊನೆಯವರೆಗೆ ತಳ್ಳಿಕೊಂಡು ನಡೆದ. ಎದುರಿಗೆ ಬಂದವರು, ಹಿಂದೆ ಬಂದವರು, ಎಲ್ಲರೂ ಸ್ವಲ್ಪ ಸ್ವಲ್ಪ ಸರಿದು ಹೋದರು. ಅವನು ಅದನ್ನು ಮೊದಲ ಸಲ ಕಂಡ.

ಮರುದಿನ ಹೊಸ ಕ್ಲಚ್ ವೈರ್ ಜೊತೆಗೆ ಎರಡೂ ಕನ್ನಡಿ ಹಾಕಿಸಿಕೊಂಡು ಬಂದ. ಮುದುಕ ಬರುವುದಿಲ್ಲ ಎಂದಿದ್ದರೂ ಬಿಳಿ ಕಾರುಗಳ ಕಿಟಕಿಗಳಲ್ಲೆಲ್ಲ ಇಣುಕಿದ. ಆ ಮುಖ ಇರಲಿಲ್ಲ. ಕನ್ನಡಿ ಹಾಕಿದ ಗಾಡಿ ಸಂದಿನಲ್ಲಿ ತೂರಲೂ ಇಲ್ಲ. ಕಾರುಗಳ ನಡುವೆ ಸಾಲಿನಲ್ಲಿ ನಿಂತ. ಆಗ ಕನ್ನಡಿಯಲ್ಲಿ ಹಿಂದಿನಿಂದ ಯಾರೋ ಅವಸರದಲ್ಲಿ ನುಸುಳಿಕೊಂಡು ಬರುವುದು ಕಾಣಿಸಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಸಣ್ಣಲಿಂಗ ಅಂಗಳದಲ್ಲಿದ್ದ ತನ್ನ ಬೈಕಿನ ಕಡೆ ನೋಡಿದ. ಹ್ಯಾಂಡಲಿನ ಮೇಲೆ ಕನ್ನಡಿ ಇರಬೇಕಾದಲ್ಲಿ ಎರಡು ತೂತುಗಳಿದ್ದವು.

"ಆ ಮುದುಕ ಮತ್ತೆ ಸಿಗಲಿಲ್ಲ. ಮುಂದೆ ಹೋಗೋದೂ ತಪ್ಪಿತು. ಕಡೆಗೆ ಅವನಿಗೆ ಸಿಕ್ಕಿದ್ದೇನು ಬುದ್ಧಿ?"

"ಇನ್ನೊಬ್ಬನಿಗೆ ಬಿಡಲು ಗೇಣು ಜಾಗ," ಎಂದರು ಗುರುಗಳು.