ಗಾಳೆಪ್ಪ ಮತ್ತು ಪ್ಲಾಸ್ಟಿಕ್ ಆಕಳು

ಹತ್ತಿ ಮಿಲ್ಲುಗಳೆಲ್ಲ ಮುಚ್ಚಿಹೋದ ಒಂದೂರಿನಲ್ಲಿ ಹುಲಿಗೆವ್ವ ಅಂತ ಒಬ್ಬಳಿದ್ದಳು. ಅವಳಿಗೆ ಒಂದು ಆಕಳು, ಒಬ್ಬ ಮಗ. ಆಕಳಿಗೆ ಬುದ್ಧಿ ಇತ್ತು.

ಮಗನ ಹೆಸರು ಗಾಳೆಪ್ಪ. ವಯಸ್ಸು ಮೂವತ್ತನಾಲ್ಕು, ಆಳು ಬಾಗಿಲೆತ್ತರ. ಹೇಳಿದ ಕೆಲಸವನ್ನು ಒಲ್ಲೆ ಅಂದವನಲ್ಲ. ತೊಂದರೆ ಏನಪ್ಪಾ ಅಂದರೆ, ಹೇಳಿದ್ದನ್ನೇ ಮಾಡುತ್ತಿದ್ದ. ಹಾಲು ಉಕ್ಕಿದಾಗ ಹೇಳು ಅಂದರೆ, ಹಾಲೆಲ್ಲ ಉಕ್ಕಿ ಒಲೆ ಆರಿದ ಮೇಲೆ ಬಂದು, ಉಕ್ಕಿತವ್ವ, ಅನ್ನುತ್ತಿದ್ದ. ಇವನನ್ನು ಹೆತ್ತ ಹೊಟ್ಟೆಗೆ ಏನು ಹೇಳಲಿ ಅಂತ ಹುಲಿಗೆವ್ವ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.

ಆಕಳ ಹೆಸರು ಕೌಲಿ. ಒಂದು ಬೇಸಿಗೆಯಲ್ಲಿ ಹುಲಿಗೆವ್ವನ ಕಾಲಿಗೆ ಮುಳ್ಳು ಮುರಿದು, ಕೀವಾಗಿ, ಅವಳು ಹಾಸಿಗೆ ಹಿಡಿದಳು. ಕೌಲಿಯ ಹಗ್ಗವನ್ನು ಮಗನ ಕೈಗೆ ಕೊಟ್ಟು, ಹಸಿರು ಕಂಡಲ್ಲಿ ಮೇಯಿಸು ಅಂದಳು. ಗಾಳೆಪ್ಪ ಹೋದ. ಹೊಲವೆಲ್ಲ ಕೆಂಪಗೆ ಕಾದಿತ್ತು. ಹಳ್ಳದ ದಂಡೆ ಬೆಳ್ಳಗಿತ್ತು. ಹಸಿರು ಕಂಡದ್ದು ಕಲ್ಯಾಣಮಂಟಪದ ಹಿಂದೆ, ಗಟಾರದ ಪಕ್ಕ. ಹಸಿರು ಕವರು, ರಾಶಿ ರಾಶಿ ಹಸಿರು ಕವರು, ಒಳಗೆ ಮದುವೆಯ ಅನ್ನ ತುಂಬಿ ಬಾಯಿಗೆ ಗಂಟು ಕಟ್ಟಿದ್ದು. ಎರಡು ತಿಂಗಳು ದಿನಾ ಅಲ್ಲೇ ಮೇಯಿಸಿದ.

ಕೌಲಿ ನೀರು ಬಿಟ್ಟಿತು, ಮೇವು ಬಿಟ್ಟಿತು. ಹೊಟ್ಟೆ ನಗಾರಿಯಂತೆ ಉಬ್ಬಿತು. ನಾಲ್ಕು ದಿನ ನಿಂತೇ ಇತ್ತು, ಐದನೇ ದಿನ ಬಿತ್ತು. ದನದ ಡಾಕ್ಟರು ಸತ್ತ ಆಕಳ ಹೊಟ್ಟೆ ಕೊಯ್ದು ಹೊರಗೆ ಎಳೆದರೆ, ಎಳೆದಷ್ಟೂ ಬರುತ್ತಿತ್ತು. ಹಾಲಿನ ಪಾಕೀಟು, ಶಾಂಪೂ ಚೀಟಿ, ಬಳೆ ಕಟ್ಟಿದ್ದ ದಾರ, ಯಾರದೋ ಹುಟ್ಟುಹಬ್ಬದ ಬ್ಯಾನರಿನ ತುಂಡು. ತೂಗಿದರೆ ನಲವತ್ತೊಂದು ಕಿಲೋ.

ಹುಲಿಗೆವ್ವ ಕುಂಟುತ್ತ ಎದ್ದು ಮಗನನ್ನು ಕಸಬರಿಗೆಯಿಂದ ಬಡಿದಳು, ಕಸಬರಿಗೆ ಕಡ್ಡಿ ಕಡ್ಡಿಯಾಗುವವರೆಗೆ ಬಡಿದಳು. ಡಾಕ್ಟರೇ ಕೈ ಹಿಡಿದು ಬಿಡಿಸಿ, ಇದು ಒಂದು ಬೇಸಿಗೆಯದ್ದಲ್ಲವ್ವ, ಆರೇಳು ವರ್ಷದ್ದು ಅಂದರು. ಆಗ ಅವಳ ಸಿಟ್ಟು ಮಗನನ್ನು ಬಿಟ್ಟು ಊರ ಕಡೆ ತಿರುಗಿತು. ನಲವತ್ತೊಂದು ಕಿಲೋದಲ್ಲಿ ಎತ್ತಲಾದಷ್ಟನ್ನು ಬುಟ್ಟಿಗೆ ತುಂಬಿದಳು, ಉಳಿದದ್ದನ್ನು ಗಾಳೆಪ್ಪನ ತಲೆಗೆ ಹೊರಿಸಿದಳು. ತಾಯಿ ಮಗ ಹೋಗಿ ಪುರಸಭೆಯ ಮೆಟ್ಟಿಲ ಮೇಲೆ ಸುರಿದರು.

ಗುಮಾಸ್ತರು ಮೂಗು ಮುಚ್ಚಿಕೊಂಡರು. ಅಧ್ಯಕ್ಷ ರುದ್ರಗೌಡರು ಹೊರಗೆ ಬಂದು, ಆಕಳು ಹೋಗಿದ್ದು ಬಹಳ ವ್ಯಸನದ ಸಂಗತಿ, ಆದರೆ ದನವನ್ನು ಮನೆಯಲ್ಲಿ ಕಟ್ಟಿಕೊಳ್ಳಬೇಕಿತ್ತು, ಈ ಹೊಲಸನ್ನು ಮೊದಲು ಇಲ್ಲಿಂದ ಎತ್ತಿಸು ಅಂದರು.

"ನನ್ನ ಮಗ ಪೆದ್ದ ಅದಾನ್ರಿ, ಕವರನ್ನ ಹುಲ್ಲು ಅಂದ," ಅಂದಳು ಹುಲಿಗೆವ್ವ. "ಅದರಾಗ ಅನ್ನ ತುಂಬಿ ಗಂಟ ಕಟ್ಟಿ ಒಗದ ಶಾಣ್ಯಾರು ಯಾರ ಮಕ್ಕಳು?"

ಗುಮಾಸ್ತರು ಒಬ್ಬೊಬ್ಬರಾಗಿ ಒಳಗೆ ಸರಿದರು. ಬೀದಿ ದೀಪದ ತಕರಾರು ಹೇಳಲು ಬಂದಿದ್ದ ಒಬ್ಬ ಹೆಂಗಸು ಮಾತ್ರ ಮುಂದೆ ಬಂದು, ಈ ರಾಶಿಯನ್ನು ನನಗೆ ಕೊಡ್ತೀರಾ ಅಂತ ಕೇಳಿದಳು.

ಅವಳು ಪ್ರಭಾವತಿ ಪತ್ತಾರ. ಅಕ್ಕಸಾಲಿಗರ ಮಗಳು. ದೂರದ ಕಾಲೇಜಿನಲ್ಲಿ ಶಿಲ್ಪ ಕಲಿತು, ಊರಿಗೆ ಮರಳಿ, ಪಾಳುಬಿದ್ದ ಹತ್ತಿ ಮಿಲ್ಲಿನ ಶೆಡ್ಡಿನಲ್ಲಿ ಪ್ಲಾಸ್ಟಿಕ್ಕಿನಿಂದ ಮೂರ್ತಿ ಮಾಡುತ್ತಿದ್ದಳು. ಕಲ್ಲಿಲ್ಲ, ಕಟ್ಟಿಗೆಯಿಲ್ಲ, ಬರೀ ಜನ ಬಿಸಾಡಿದ ಪ್ಲಾಸ್ಟಿಕ್ಕು. ಊರವರು ಅವಳಿಗೆ ತಲೆ ಸರಿಯಿಲ್ಲ ಅನ್ನುತ್ತಿದ್ದರು. ಈ ರಾಶಿಯಿಂದ ಕೌಲಿಯನ್ನೇ ಮಾಡಿ ನಿಲ್ಲಿಸುತ್ತೇನೆ ಅಂದಳು. ಸತ್ತ ಆಕಳನ್ನು ಗೊಂಬೆ ಮಾಡಿ ಆಡ್ತೀಯಾ ಅಂತ ಹುಲಿಗೆವ್ವ ಅವಳ ಮೇಲೂ ಹರಿಹಾಯ್ದಳು. ಆಮೇಲೆ ಒಂದು ಮಾತು ಕೇಳಿಕೊಂಡಳು: ನಿಲ್ಲಿಸೋದಾದರೆ ಇದೇ ಮೆಟ್ಟಿಲ ಮುಂದೆ ನಿಲ್ಲಿಸು, ಎಸೆದವರು ದಿನಾ ನೋಡಲಿ. ಪ್ರಭಾವತಿ ಆಗಲಿ ಅಂದಳು. ಕಾಯಲು ಆಕಳಿಲ್ಲದ ಗಾಳೆಪ್ಪನನ್ನೂ ಕೆಲಸಕ್ಕೆ ಕರೆದುಕೊಂಡಳು. ಅವನು ಹೇಳಿದ್ದನ್ನೇ ಮಾಡುವವನು ಅಂತ ಅವಳಿಗೆ ಗೊತ್ತಿರಲಿಲ್ಲ.

ಕೌಲಿಯ ಹೊಟ್ಟೆಯಿಂದ ತೆಗೆದದ್ದು ಮೂರ್ತಿಯ ಹೊಟ್ಟೆಗೇ ಆಯಿತು. ಮೈ, ಕಾಲು, ಕೋಡು ಮಾಡಲು ಇನ್ನಷ್ಟು ಪ್ಲಾಸ್ಟಿಕ್ ಬೇಕಿತ್ತು. ಎಲ್ಲಿ ಕಂಡರೂ ತಗೊಂಡು ಬಾ ಅಂದಳು. ಗಾಳೆಪ್ಪ ಕೈಗಾಡಿ ನೂಕಿಕೊಂಡು ಹೋದ. ನಲ್ಲಿಯ ಮುಂದೆ ಪಾಳಿಯಲ್ಲಿ ಇಪ್ಪತ್ತೆರಡು ಕೊಡ ಕಂಡವು. ಇಪ್ಪತ್ತೆರಡನ್ನೂ ತಂದ. ಹಿಂದಿನಿಂದ ಇಪ್ಪತ್ತೆರಡು ಹೆಂಗಸರು ಬಂದರು. ಆ ದಿನ ಶೆಡ್ಡಿನ ಗೋಡೆ ಬೀಳಲಿಲ್ಲ ಅಷ್ಟೇ.

ಪ್ರಭಾವತಿ ಅವನನ್ನು ಬೈದು, ಇನ್ನೊಬ್ಬರದ್ದು ಮುಟ್ಟಬಾರದು, ಜನ ಬಿಟ್ಟದ್ದನ್ನು ಮಾತ್ರ ತರಬೇಕು ಅಂತ ಹೇಳಿಕೊಟ್ಟಳು.

ಮರುದಿನ ಗಾಳೆಪ್ಪ ಜನ ಬಿಟ್ಟದ್ದನ್ನು ಹುಡುಕುತ್ತ ಹೊರಟ. ಕಲ್ಯಾಣಮಂಟಪದ ಬಾಗಿಲಲ್ಲಿ ಮುನ್ನೂರು ಜನ ಚಪ್ಪಲಿ ಬಿಟ್ಟಿದ್ದರು. ಪ್ಲಾಸ್ಟಿಕ್ಕಿನವನ್ನೆಲ್ಲ ಆರಿಸಿ, ಚರ್ಮದವನ್ನು ಅಲ್ಲೇ ಬಿಟ್ಟು, ಗಾಡಿ ತುಂಬಿಕೊಂಡು ಬಂದ. ಉಂಡು ಹೊರಬಂದ ಬೀಗರು ಕಾದ ಡಾಂಬರಿನ ಮೇಲೆ ಕುಣಿಯುತ್ತ ಶೆಡ್ಡಿನವರೆಗೆ ಬಂದರು. ಮದುಮಗನ ಸೋದರಮಾವ ಪೊಲೀಸರನ್ನು ಕರೆಯುತ್ತೇನೆ ಅಂದ. ಪ್ರಭಾವತಿ ಎಲ್ಲರ ಕಾಲಿಗೂ ಜೋಡಿ ಹುಡುಕಿ ಹುಡುಕಿ ಕೊಡುವಷ್ಟರಲ್ಲಿ ಸಂಜೆಯಾಯಿತು.

ಮನೆಯಲ್ಲಿ ತಾಯಿಯೂ ಬೈದಳು. ಕೇಳದೆ ಯಾಕ ತರ್ತಿ, ಬೇಕೇನು ಅಂತ ಕೇಳು, ಬ್ಯಾಡ ಅಂದ್ರ ತಗೊಂಡು ಬಾ ಅಂದಳು.

ಮರುದಿನ ನಿವೃತ್ತ ಮಾಸ್ತರರೊಬ್ಬರು ಸೊಸೆಯ ಜೊತೆ ಜಗಳವಾಡಿ, ಮುನಿಸಿಕೊಂಡು, ಪಡಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಗಾಳೆಪ್ಪ ಒಳಗೆ ಹೋಗಿ ಮರ್ಯಾದೆಯಿಂದ, ಇದು ನಿಮಗೆ ಬೇಕೇನ್ರಿ ಅಂತ ಕೇಳಿದ. ಸೊಸೆಗೆ ಕೇಳಲಿ ಅಂತ ಮಾಸ್ತರರು ಗಟ್ಟಿಯಾಗಿ, ಈ ಮನೆಯಲ್ಲಿ ನನಗೆ ಏನೂ ಬೇಡ ಅಂದರು. ಗಾಳೆಪ್ಪ ಬಕೀಟು ಒಯ್ದ, ಚೆಂಬು ಒಯ್ದ, ಗೋಡೆಯ ಗಡಿಯಾರ ಒಯ್ದ, ಕೊನೆಗೆ ಮಾಸ್ತರರ ಎರಡೂ ರಟ್ಟೆ ಹಿಡಿದು ಎಬ್ಬಿಸಿ ನಿಲ್ಲಿಸಿ ಕುರ್ಚಿಯನ್ನೂ ಒಯ್ದ. ಮಾವ ಸೊಸೆ ಜಗಳ ಮರೆತು ಒಟ್ಟಿಗೆ ಬಂದು ಬೈದರು.

ಇವನನ್ನು ಬೀದಿಗೆ ಬಿಡುವುದೇ ತಪ್ಪು ಅಂತ ಪ್ರಭಾವತಿ ಅವನನ್ನು ಶೆಡ್ಡಿನೊಳಗೆ ಕೂರಿಸಿಕೊಂಡಳು. ಪ್ಲಾಸ್ಟಿಕ್ಕನ್ನು ತಾನೇ ಆರಿಸಿ ತಂದಳು. ತೊಳೆಯುವುದು, ಬಣ್ಣ ಬಣ್ಣಕ್ಕೆ ಬೇರೆ ಮಾಡುವುದು, ಕತ್ತರಿಯಿಂದ ಪಟ್ಟಿ ಪಟ್ಟಿಯಾಗಿ ಸೀಳುವುದು ಗಾಳೆಪ್ಪನ ಕೆಲಸ. ಅವಳು ತಂತಿಯಲ್ಲಿ ಆಕಳ ಎಲುಬುಗೂಡು ಕಟ್ಟಿದಳು. ಚಹಾಪುಡಿಯ ಕಂದು ಪಾಕೀಟುಗಳನ್ನು ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ತಿಕ್ಕಿದರೆ ಅವು ಒಂದಕ್ಕೊಂದು ಅಂಟಿ ಚರ್ಮದ ಹಾಗಾಗುತ್ತಿದ್ದವು. ಬಿಸಿಗಾಳಿ ಊದುವ ಒಂದು ಯಂತ್ರ ಹಿಡಿದು ಆ ಚರ್ಮವನ್ನು ಎಲುಬಿನ ಮೇಲೆ ಬಾಗಿಸುತ್ತಿದ್ದಳು. ಭುಜ ಬಂತು, ಕೊರಳ ಕೆಳಗೆ ಜೋಲುವ ಗಂಗೆದೊಗಲು ಬಂತು. ಗಾಳೆಪ್ಪ ಪಟ್ಟಿ ಸೀಳುತ್ತ, ಕೌಲಿಗೆ ಎಡ ಕೋಡು ಸೊಟ್ಟ ಇತ್ತು ಅಂತ ನೆನಪಿಸುತ್ತಿದ್ದ. ಅವಳು ಸೊಟ್ಟ ಮಾಡುತ್ತಿದ್ದಳು. ಮೂರು ವಾರ ಹೀಗೆ ನಡೆಯಿತು.

ಒಂದು ಮಧ್ಯಾಹ್ನ ಊಟಕ್ಕೆ ಹೋಗುವಾಗ ಅವಳು, ಬರೋತನಕ ಆಕಳ ಮೇಲೆ ಒಂದು ಕಣ್ಣಿಟ್ಟಿರು ಅಂದಳು. ಉಂಡು ಬಂದು ನೋಡಿದರೆ ಕೌಲಿಯ ಬೆನ್ನಿನ ಮೇಲೆ, ನಟ್ಟ ನಡುವೆ, ಒಂದು ಕಣ್ಣು. ಬಾಟಲಿಯ ಬಿಳಿ ಮುಚ್ಚಳ, ಅದರ ಮೇಲೆ ಕರಿ ಗುಂಡಿ, ಸುತ್ತಲೂ ರೆಪ್ಪೆಗೆ ಹಲ್ಲುಜ್ಜುವ ಬ್ರಶ್ಶಿನ ಕೂದಲು. ಚೆನ್ನಾಗಿ ಬೆಸೆದಿದ್ದ, ಕಿತ್ತರೆ ಚರ್ಮ ಹರಿಯುತ್ತಿತ್ತು. ಪ್ರಭಾವತಿ ಕತ್ತರಿಯನ್ನು ಗೋಡೆಗೆ ಎಸೆದಳು. ಕಣ್ಣಿಡೋದು ಅಂದರೆ ಏನನ್ನೂ ಮುಟ್ಟದೆ ಸುಮ್ಮನೆ ಕೂತು ನೋಡೋದು ಅಂತ ಬಿಡಿಸಿ ಬಿಡಿಸಿ ಹೇಳಿದಳು.

ಮಾರನೆಯ ದಿನ ಯಾರೋ ಕರೆದರು ಅಂತ ಬಿಸಿಗಾಳಿ ಯಂತ್ರವನ್ನು ಆಫ್ ಮಾಡದೆ ಸ್ಟೂಲಿನ ಮೇಲೆ ಇಟ್ಟು ಹೊರಗೆ ಹೋದಳು. ಅದು ಆಕಳ ಹಿಂಗಾಲಿನ ಕಡೆ ತಿರುಗಿ ಊದುತ್ತಿತ್ತು. ಕಾಲು ಮೆತ್ತಗಾಯಿತು, ಜೋತುಬಿತ್ತು, ಮೊಣಕಾಲಿನಲ್ಲಿ ಮಡಿಚಿತು. ಗಾಳೆಪ್ಪ ಏನನ್ನೂ ಮುಟ್ಟದೆ ಸುಮ್ಮನೆ ಕೂತು ನೋಡಿದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ನೋಡಿದ.

ಬಂದವಳು ಬೈಯಲೂ ಇಲ್ಲ. ನೆಲಕ್ಕೆ ಕೂತು ಸಿಟ್ಟಿನಿಂದ ಅತ್ತಳು. ಇನ್ನು ಎಂಟು ದಿನಕ್ಕೆ ಆಕಳನ್ನು ನಿಲ್ಲಿಸುತ್ತೇನೆ ಅಂತ ಹುಲಿಗೆವ್ವನಿಗೆ ಮಾತು ಕೊಟ್ಟಿದ್ದಳು. ಮಗನಿಗೆ ರೊಟ್ಟಿ ತಂದಿದ್ದ ಹುಲಿಗೆವ್ವ ಬಾಗಿಲಲ್ಲೇ ನಿಂತಳು. ಮಗನ ಕಡೆ ನೋಡಲಿಲ್ಲ, ಆಕಳ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು.

"ಸಾಯೋ ದಿವಸ ಹಿಂಗ ನಿಂತಿತ್ತು," ಅಂದಳು. "ಇದ ಕಾಲು ಮಡಚಿತ್ತು."

ಪ್ರಭಾವತಿ ಆ ಕಾಲನ್ನು ಹಾಗೇ ಬಿಟ್ಟಳು. ಆದರೆ ಗಾಳೆಪ್ಪನನ್ನು ಎದುರು ನಿಲ್ಲಿಸಿಕೊಂಡು, ಇನ್ನು ಮುಂದೆ ಯಾವುದಾದರೂ ಗೊತ್ತಾಗದಿದ್ದರೆ ಸುಮ್ಮನೆ ಕೂರಬೇಡ, ಎದುರಿಗೆ ಯಾರು ದೊಡ್ಡವರಿದ್ದಾರೋ ಅವರು ಹೇಳಿದ ಹಾಗೆ ಮಾಡು ಅಂತ ಎಚ್ಚರಿಕೆ ಕೊಟ್ಟಳು.

ಎಂಟನೇ ದಿನ ಬೆಳಿಗ್ಗೆ ಪ್ಲಾಸ್ಟಿಕ್ ಕೌಲಿ ಪುರಸಭೆಯ ಮುಂದೆ ನಿಂತಿತು. ಒಂದು ಕಾಲು ಮಡಿಚಿ, ಒಂದು ಕೋಡು ಸೊಟ್ಟ, ಬೆನ್ನ ಮೇಲೆ ಆ ಒಂದು ಕಣ್ಣು. ಎಡಗಡೆಯ ಹೊಟ್ಟೆ ತೆರೆದಿತ್ತು. ತಂತಿಯ ಬಲೆಯೊಳಗೆ ಆ ನಲವತ್ತೊಂದು ಕಿಲೋವನ್ನೇ ತೊಳೆದು ಪ್ರಭಾವತಿ ತುಂಬಿದ್ದಳು. ನೋಡಿದವರು ಮುಖ ತಿರುಗಿಸಿ ಸರಿದು ಹೋಗುತ್ತಿದ್ದರು. ಬೆಂಗಳೂರಿನ ಪತ್ರಿಕೆಯವರು ಬರುತ್ತಾರೆ ಅಂತ ಗೊತ್ತಾಗಿ, ಆಕಳು ಬೇಡ ಅನ್ನುತ್ತಿದ್ದ ರುದ್ರಗೌಡರು ರಾತ್ರೋರಾತ್ರಿ ಮನಸ್ಸು ಬದಲಿಸಿ ತಾವೇ ಉದ್ಘಾಟನೆ ಮಾಡುವುದಾಗಿ ಹೇಳಿ ಕಳಿಸಿದ್ದರು. ವೇದಿಕೆ ಎದ್ದಿತು. ಪ್ಲಾಸ್ಟಿಕ್ ಮುಕ್ತ ಪಟ್ಟಣ ಅಂತ ಬರೆದ ಫ್ಲೆಕ್ಸು, ಅದರ ಮುಕ್ಕಾಲು ಭಾಗ ಗೌಡರ ನಗುಮುಖ. ಮೇಜಿನ ಮೇಲೆ ನೀರಿನ ಬಾಟಲಿ, ಪ್ಲಾಸ್ಟಿಕ್ ಹಾಳೆ ಸುತ್ತಿದ ಹೂಗುಚ್ಛ, ಕವರಿನಲ್ಲಿ ಶಾಲು. ಬಸ್ ಸ್ಟ್ಯಾಂಡಿನವರೆಗೂ ಕಂಬ ಕಂಬಕ್ಕೆ ಲೌಡ್‌ಸ್ಪೀಕರು.

ಇದನ್ನೆಲ್ಲ ನೋಡಿ ಹುಲಿಗೆವ್ವ ಹಲ್ಲು ಕಡಿಯುತ್ತ ಮೊದಲ ಸಾಲಿನಲ್ಲಿ ಕೂತಿದ್ದಳು. ಪ್ರಭಾವತಿ ವೇದಿಕೆ ಹತ್ತಲು ಒಪ್ಪದೆ ಪಕ್ಕದಲ್ಲಿ ನಿಂತಿದ್ದಳು. ಗಾಳೆಪ್ಪ ಆಕಳ ಹತ್ತಿರ.

ಗೌಡರು ಭಾಷಣ ಶುರು ಮಾಡಿದರು. ಕಲೆಯ ಬಗ್ಗೆ ಹೇಳಿದರು, ಗೋಮಾತೆಯ ಬಗ್ಗೆ ಹೇಳಿದರು, ಊರಲ್ಲಿ ಯಾರ ತಪ್ಪೂ ಇಲ್ಲ ಅಂತ ಹೇಳಿದರು. ಕೊನೆಗೆ ಹುಲಿಗೆವ್ವನ ಕಡೆ ಕೈ ಮುಗಿದು ದನಿ ಮೆತ್ತಗೆ ಮಾಡಿದರು.

"ಆಗಿದ್ದು ಆಗಿ ಹೋತು ತಾಯಿ. ಇದನ್ನೆಲ್ಲಾ ಹೊಟ್ಟೆಗೆ ಹಾಕ್ಕೊಂಡು ಬಿಡೋಣು."

ಹಾಗೆ ಅನ್ನುವಾಗ ಅವರು ಕೈಯನ್ನು ವೇದಿಕೆಯ ಉದ್ದಕ್ಕೂ ಬೀಸಿದ್ದರು. ಗಾಳೆಪ್ಪ ಆ ಕೈಯನ್ನು ನೋಡಿದ, ತೆರೆದ ಹೊಟ್ಟೆಯನ್ನು ನೋಡಿದ. ದೊಡ್ಡವರು ಹೇಳಿದ್ದರು.

ಮೊದಲು ನೀರಿನ ಬಾಟಲಿ ಹಾಕಿದ. ಆಮೇಲೆ ಹೂಗುಚ್ಛದ ಹಾಳೆ, ಶಾಲಿನ ಕವರು, ತಿಂಡಿಯ ತಟ್ಟೆ. ಜನ ಇದೂ ಕಾರ್ಯಕ್ರಮದ ಒಂದು ಭಾಗ ಅಂದುಕೊಂಡು ಚಪ್ಪಾಳೆ ತಟ್ಟಿದರು. ಗೌಡರೂ ನಕ್ಕರು. ಗಾಳೆಪ್ಪ ವೇದಿಕೆ ಹತ್ತಿ ಫ್ಲೆಕ್ಸನ್ನು ಕಂಬದಿಂದ ಕಿತ್ತು, ಗೌಡರ ಮುಖವನ್ನು ನಾಲ್ಕು ಮಡಿಕೆ ಮಡಿಚಿ, ಕಾಲಿನಿಂದ ಒತ್ತಿ ಆಕಳ ಹೊಟ್ಟೆಗೆ ತುರುಕಿದ. ಆಗ ಗೌಡರ ನಗು ನಿಂತಿತು. ಅವನನ್ನು ಹಿಡೀರಿ ಅಂತ ಅವರು ಕಿರುಚಿದ ರಭಸಕ್ಕೆ ಬಾಯಲ್ಲಿದ್ದ ಕಟ್ಟಿಸಿದ ಹಲ್ಲು ಹೊರಗೆ ಬಿತ್ತು, ಎರಡೂ ಸಾಲು. ಗಾಳೆಪ್ಪ ಎತ್ತಿ ಉಗುರಿನಿಂದ ತಟ್ಟಿ ನೋಡಿದ. ಪ್ಲಾಸ್ಟಿಕ್ಕೇ. ಅದನ್ನೂ ಹಾಕಿದ.

ಹಿಡಿಯಲು ಬಂದವರು ನಗು ತಡೆಯಲಾರದೆ ಬಾಗಿದರು. ಪತ್ರಿಕೆಯವರು ಫೋಟೋ ಹೊಡೆಯುತ್ತಿದ್ದರು. ಗೌಡರು ಮುಖ ಕೆಂಪಗಾಗಿ ಇಳಿದು ಬಂದು, ತೋಳು ಏರಿಸಿ, ಆಕಳ ಹೊಟ್ಟೆಯೊಳಗೆ ಮೊಣಕೈವರೆಗೆ ಕೈ ಹಾಕಿದರು. ಸಿಗಲಿಲ್ಲ. ಹೆಗಲವರೆಗೆ ಹಾಕಿದರು. ಹುಲಿಗೆವ್ವ ಅವರ ಪಕ್ಕಕ್ಕೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಹುಡುಕ್ರಿ," ಅಂದಳು. "ಏನೇನು ಸಿಗತೈತಿ ನೋಡ್ರಿ. ಅಕಿ ಇದನ್ನ ಇಟ್ಕೊಂಡ ನಾಕು ದಿನ ನಿಂತಿದ್ದಳು."

ಆಮೇಲೆ ಮಗನ ಕಡೆ ತಿರುಗಿ ಅವನನ್ನೂ ಬೈದಳು. ಎಲ್ಲಾ ಹಾಕಿ ಆ ಮೈಕ್ ಯಾಕ ಬಿಟ್ಟಿ, ಅದೇನು ಬೆಳ್ಳಿದೇನು, ಸುಳ್ಳು ಹೇಳಿದ್ದು ಅದಲ್ಲೇನು ಅಂದಳು.

ತಾಯಿ ಬೈದರೆ ಗಾಳೆಪ್ಪ ತಡ ಮಾಡುವವನಲ್ಲ. ಓಡಿಹೋಗಿ ಮೈಕನ್ನು ವೈರಿನ ಸಮೇತ ಎಳೆದು ತಂದು ಗೌಡರ ಕಂಕುಳ ಸಂದಿಯಿಂದ ಹೊಟ್ಟೆಯೊಳಗೆ ಹಾಕಿದ. ಆಫ್ ಮಾಡು ಅಂತ ಯಾರೂ ಹೇಳಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ, ಕಾಯಿಪಲ್ಲೆ ಪೇಟೆಯಲ್ಲಿ, ನ್ಯಾಯಬೆಲೆ ಅಂಗಡಿಯ ಪಾಳಿಯಲ್ಲಿ ಜನ ತಲೆಯೆತ್ತಿದರು. ಕಂಬ ಕಂಬದಿಂದಲೂ ಕವರುಗಳು ಒಂದಕ್ಕೊಂದು ತಿಕ್ಕುವ ಜರಜರ ಸದ್ದು, ಊರಷ್ಟು ದೊಡ್ಡ ಹೊಟ್ಟೆ ಹೊರಳಿದ ಹಾಗೆ. ಅದರ ನಡುವೆ ಯಾರೋ ಏದುಸಿರು ಬಿಡುತ್ತಿದ್ದರು. ಗೌಡರ ತೋಳಿಗೆ ಒಳಗಿನ ತಂತಿ ಚುಚ್ಚಿತು. ಅವರು ಹಲ್ಲಿಲ್ಲದ ಬಾಯಿ ತೆರೆದು, ಅಪ್ಪಾ, ಅಂದರು.

ಊರಿಗೆ ಅದು, ಅಂಬಾ, ಅಂತ ಕೇಳಿಸಿತು.