ಹಿಂಡು ಬಿಟ್ಟ ಕುರಿಯ ಗಂಟೆ

"ಗುರುಗಳೇ, ಈ ಒಂದು ಪದಕ್ಕೆ ಯಾವ ಅರ್ಥ ಬರೆಯಲಿ?"

ಚೆನ್ನವೀರಯ್ಯ ಇದನ್ನು ಕೇಳಿದ್ದು ಆ ವಾರದಲ್ಲಿ ನಾಲ್ಕನೆಯ ಸಲ. ಮಠದ ಶಾಲೆಗೆಂದು ಆತ ಇಂಗ್ಲಿಷ್-ಕನ್ನಡ ನಿಘಂಟು ಬರೆಯುತ್ತಿದ್ದ. ಎ, ಬಿ, ಸಿ, ಡಿ ಸುಸೂತ್ರವಾಗಿ ದಾಟಿ ಬಂದವನನ್ನು 'ಎಗ್ರೀಜಿಯಸ್' ಎಂಬ ಗುಣವಾಚಕ ಹದಿನೈದು ದಿನದಿಂದ ಹಿಡಿದು ನಿಲ್ಲಿಸಿತ್ತು. ಅಚ್ಚುಕೂಟದವರು ದಿನಕ್ಕೆರಡು ಬಾರಿ ಹೇಳಿಕಳಿಸುತ್ತಿದ್ದರು. ಆತನಿಗೆ ಸಾಕುಸಾಕಾಗಿತ್ತು.

"ಲ್ಯಾಟಿನ್ನಿನಲ್ಲಿ ಇದರ ಮೂಲಾರ್ಥ 'ಹಿಂಡಿನಿಂದ ಹೊರಗೆ ನಿಂತದ್ದು'. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಇದು ಹೊಗಳಿಕೆ, ಎಲ್ಲರಿಗಿಂತ ಮಿಗಿಲು ಅಂತ. ಈಗಿನ ಪುಸ್ತಕಗಳಲ್ಲಿ ಬೈಗುಳ, ಎದ್ದು ಕಾಣುವಷ್ಟು ಕೆಟ್ಟದ್ದು ಅಂತ. ಅಂದು ಹೂವಿನ ಹಾರ, ಇಂದು ಚಪ್ಪಲಿ ಹಾರ! ಹಳೆಯ ಅರ್ಥವನ್ನು ಹೊಡೆದುಹಾಕುತ್ತೇನೆ, ಅಪ್ಪಣೆ ಕೊಡಿ. ಈಗ ಅದು ಯಾರಿಗೆ ಬೇಕು?"

ಗುರುಗಳು ಹಣೆ ಚಚ್ಚಿಕೊಂಡರು. "ಓದಿ ಓದಿ ಮರುಳಾದೆಯಲ್ಲ! ಲೇಖನಿ ಕೆಳಗಿಡು, ಕೇಳು" ಎಂದು ಹೇಳತೊಡಗಿದರು.

ಒಬ್ಬ ಕುರಿಗಾಹಿ ಇದ್ದ. ಒಂದು ಬೇಸಿಗೆಯಲ್ಲಿ ಅವನ ಹಿಂಡು ನೀರಿಲ್ಲದ ಬಯಲಿನಲ್ಲಿ ಸಿಕ್ಕಿಕೊಂಡಿತು. ಬಿಸಿಲೇರಿದರೆ ಕುರಿಗಳು ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ ನಿಲ್ಲುತ್ತವೆ. ಹಾಗೆಯೇ ನಿಂತವು, ಹೊಡೆದರೂ ಕದಲಲಿಲ್ಲ. ಒಂದು ಕುರಿ ಮಾತ್ರ ತಲೆ ಎತ್ತಿ, ಹಿಂಡು ಬಿಟ್ಟು ನಡೆಯಿತು. ಒಂದು ನಡೆದದ್ದನ್ನು ಕಂಡು ಉಳಿದವೂ ಹಿಂದೆ ಹೊರಟವು. ಬಂಡೆಯ ಮರೆಯಲ್ಲಿ ಒರತೆ ಸಿಕ್ಕಿತು. ಹಿಂಡು ಬದುಕಿತು. ಕುರಿಗಾಹಿ ಕೈಮುಗಿದು ಆ ಕುರಿಯ ಕೊರಳಿಗೆ ಗಂಟೆ ಕಟ್ಟಿದ. ಅದು ಸತ್ತ ಮೇಲೆ ಅಂಥದೇ ಇನ್ನೊಂದಕ್ಕೆ ಕಟ್ಟಿದ. ಅದು ಆ ಮನೆಯ ಪದ್ಧತಿಯಾಯಿತು.

ಕಾಲ ಹೋಯಿತು. ಊರಿಗೆ ಕಾಲುವೆ ಬಂತು, ಹೊಲಗಳಿಗೆ ಬೇಲಿ ಬಂತು. ಕುರಿಗಾಹಿ ಮುದುಕನಾದ, ಮಗ ಕೋಲು ಹಿಡಿದ. ರೈತರು ಗೊಬ್ಬರಕ್ಕೆಂದು ಕೊಯ್ದ ಹೊಲದಲ್ಲಿ ಹಿಂಡು ನಿಲ್ಲಿಸಿಕೊಳ್ಳುತ್ತಿದ್ದರು. ಗಂಟೆಯ ಕುರಿ ಹಿಂಡು ಬಿಟ್ಟು ಪಕ್ಕದವನ ಜೋಳಕ್ಕೆ ನುಗ್ಗುತ್ತಿತ್ತು. ಗಂಟೆಯ ಸದ್ದು ಕೇಳಿದರೆ ಸಾಕು, ಜನ ಬಡಿಗೆ ಹಿಡಿದು ಬರುತ್ತಿದ್ದರು. ಕಳ್ಳ ಕುರಿಯ ಗುರುತಿಗೆಂದೇ ಹಿರಿಯರು ಗಂಟೆ ಕಟ್ಟಿದ್ದು ಎಂದು ಊರು ನಂಬಿತು. ಮಗನೂ ನಂಬಿದ.

"ಯಪ್ಪಾ, ಈ ಗಂಟೀ ಕುರಿ ಕಾಟ ಸಾಕಾಗೇತಿ. ದಿನಾ ಬೈಸ್ಕೊಂಡು ತಲಿ ಕೆಟ್ಟೈತಿ. ಕಟುಕಗ ಕೊಟ್ಟು ಬರ್ತೀನಿ" ಎಂದ.

"ಲೇ ಹುಚ್ಚಪ್ಯಾಲಿ, ಕಳವು ಹಿಡ್ಯಾಕಲ್ಲ ಆ ಗಂಟಿ. ನೀರು ತೋರಿಸಿದ್ದಕ್ಕ ಕಟ್ಟಿದ್ದು. ಎಷ್ಟ ಸಲ ಹೇಳ್ಲಿ ನಿನಗ!" ಎಂದು ಮುದುಕ ಸಿಡಿದ.

"ಮನಿ ಮುಂದ ಕಾಲಿವಿ ಹರೀತೈತಿ. ಈಗ ಅದು ಯಾರಿಗೆ ಬೇಕು?"

ಚೆನ್ನವೀರಯ್ಯ ತಲೆ ತಗ್ಗಿಸಿದ. ಗುರುಗಳು ಅದನ್ನು ನೋಡಿಯೂ ನೋಡದವರಂತೆ ಮುಂದುವರಿಸಿದರು.

ಮಗ ಆ ಕುರಿಯನ್ನೂ ಅದರ ಚಾಳಿ ಹಿಡಿದ ಮರಿಗಳನ್ನೂ ಮಾರಿದ. ಆಮೇಲೆ ಹಿಂಡಿನ ಮೇಲೆ ಒಂದು ದೂರೂ ಬರಲಿಲ್ಲ. ಇಂಥ ಸಾಧು ಕುರಿಗಳನ್ನು ಕಂಡಿಲ್ಲ ಎಂದು ರೈತರು ಕೊಂಡಾಡಿದರು. ಮುದುಕ ಗೊಣಗಿ ಗೊಣಗಿ ಕಣ್ಣು ಮುಚ್ಚಿದ.

ಮೂರನೆಯ ವರ್ಷ ಕಾಲುವೆಗೆ ನೀರು ಬಿಡಲಿಲ್ಲ. ಮಗ ಹಿಂಡು ಹೊಡೆದುಕೊಂಡು ದೂರದ ಬಯಲಿಗೆ ಹೋದ. ಬಿಸಿಲೇರಿತು. ಕುರಿಗಳು ಒಂದರಡಿ ಒಂದು ತಲೆ ತೂರಿಸಿ ನಿಂತವು. ಅವನು ಹೊಡೆದ, ಕೂಗಿದ, ಕಾಲು ಹಿಡಿದು ಎಳೆದ, ಕೊನೆಗೆ ಅತ್ತ. ಒಂದೂ ತಲೆ ಎತ್ತಲಿಲ್ಲ. ಕೂಗಳತೆಯಲ್ಲೇ ಒರತೆ ಇತ್ತು, ಅವನಿಗೆ ಗೊತ್ತಿರಲಿಲ್ಲ. ಎರಡನೆಯ ದಿನದ ಸಂಜೆಯ ಹೊತ್ತಿಗೆ ಕುರಿಗಳೆಲ್ಲ ನಿಂತಲ್ಲೇ ಬಿದ್ದವು.

ಚೆನ್ನವೀರಯ್ಯನಿಗೆ ನಿಘಂಟು, ಅಚ್ಚುಕೂಟ ಎರಡೂ ಮರೆತುಹೋದವು. "ಅನ್ಯಾಯ ಗುರುಗಳೇ! ಆ ಮೂಕಪ್ರಾಣಿಗಳು ಏನು ತಪ್ಪು ಮಾಡಿದ್ದವು?" ಎಂದು ಕೇಳಿದ.

ಗುರುಗಳು ಹೇಳಿದರು: "ಏನೂ ಇಲ್ಲ ಚೆನ್ನವೀರಯ್ಯ, ತಪ್ಪು ಮಾಡುವ ಕುರಿ ಆ ಹಿಂಡಿನಲ್ಲಿ ಒಂದೂ ಉಳಿದಿರಲಿಲ್ಲ."